ಭಾವ ನೆಟ್ಟ ಸುರಗಿ

ಮನುಷ್ಯನಾಗಿ ಹುಟ್ಟಿದ ಮೇಲೆ ಏನಾದರೂ ಒಂದನ್ನು ಫಲಾಪೇಕ್ಷೆಯಿಲ್ಲದೆ, ಅಚಲ ನಿಷ್ಠೆಯಿಂದ ಪ್ರೀತಿಸಬೇಕು, ಇಲ್ಲವಾದರೆ ಬಾಳು ಬರಡು ಎಂದು ತಿಳಿದವರು ಹೇಳುತ್ತಾರೆ. ಈ ತಿಳಿದವರಲ್ಲಿ ಒಬ್ಬರಾದರೂ ಧಾರೇಶ್ವರದ ನನ್ನ ಅಕ್ಕನ ಮನೆಗೆ ಬಂದು, ನನ್ನ ಭಾವನ ಎದುರು ಅರ್ಧ ಗಂಟೆ ಕೂತು ಎದ್ದವರಲ್ಲ. ಕೂತಿದ್ದರೆ ಆ ಮಾತನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಂಡು ಮುಂದಿನ ಬಸ್ಸಿಗೆ ಹೊರಟುಹೋಗುತ್ತಿದ್ದರು.

ಕುಡಿತ, ಇಸ್ಪೀಟು, ಕೋಳಿ ಅಂಕ, ಇವುಗಳಿಂದ ಸಂಸಾರ ಕೆಡಿಸಿಕೊಂಡವರು ನಮ್ಮ ಕರಾವಳಿಯಲ್ಲಿ ಬೇಕಾದಷ್ಟು ಜನ. ಅವರಿಗೊಂದು ಪರಂಪರೆಯಿದೆ, ಬುದ್ಧಿ ಹೇಳುವ ಕ್ರಮವೂ ಇದೆ. ಆದರೆ ಒಂದು ಹೂವಿನಿಂದಾಗಿ ಸಂಸಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಗೃಹಸ್ಥರು, ಭಟ್ಕಳದಿಂದ ಕುಮಟೆಯವರೆಗೆ ನಾನು ಕಂಡಂತೆ, ಇವರೊಬ್ಬರೇ! ಮಗಳ ಮದುವೆಯನ್ನು ಜಾತಕ ನಿಲ್ಲಿಸಬಹುದು, ವರದಕ್ಷಿಣೆ ನಿಲ್ಲಿಸಬಹುದು. ಹೂವು ನಿಲ್ಲಿಸೀತೇ? ನಿಲ್ಲಿಸಿತ್ತು.

ಭಾವ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಬಸ್ಸುಗಳು ಬಂದ ಹೊತ್ತು, ಹೋದ ಹೊತ್ತು ನೋಡಿಕೊಂಡು, ಯಾವುದು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಅವರ ಸೀಟಿಯಾಗದೆ ಯಾವ ಡ್ರೈವರನೂ ಗೇರು ಹಾಕುತ್ತಿರಲಿಲ್ಲ. ಅವರ ಸೀಟಿಯಾದ ಮೇಲೆ ಯಾವ ಡ್ರೈವರನೂ ಚಹಾ ಮುಗಿಸುತ್ತಿರಲಿಲ್ಲ. ಇಂಥ ಕಟ್ಟುನಿಟ್ಟಿನ ಮನುಷ್ಯನಿಗೆ ವರ್ಷದಲ್ಲಿ ಒಮ್ಮೆ ತಲೆ ಕೆಡುತ್ತಿತ್ತು. ಅದು ಸುರಗಿಯ ಕಾಲದಲ್ಲಿ.

ಸುರಗಿ ಕಾಣದವರಿಗಾಗಿ ಎರಡು ಮಾತು. ಅದು ಕಾಡಿನ ಮರ. ಶಿವರಾತ್ರಿಯ ಹಿಂದೆಮುಂದೆ ಹೂ ಬಿಡುತ್ತದೆ. ಮಿಕ್ಕ ಮರಗಳಂತೆ ತುದಿಯಲ್ಲಲ್ಲ, ಹಳೆಯ ಕೊಂಬೆಗಳ ಮೈಗೇ ಅಂಟಿಕೊಂಡು, ಯಾರೋ ಬೆಳ್ಳನೆಯ ಮುತ್ತು ಮೆತ್ತಿದ ಹಾಗೆ. ಮೊಗ್ಗಿರುವಾಗಲೇ ಕೊಯ್ದು ಪೋಣಿಸಬೇಕು. ಅರಳಿತೋ, ಎಸಳು ಉದುರಿತು. ಮಾಲೆ ಒಣಗಿ ಕಂದಾದರೂ ಪರಿಮಳ ಬಿಡುವುದಿಲ್ಲ. ಇಷ್ಟು ಸಾಮಾನ್ಯರ ಜ್ಞಾನ. ಭಾವನ ಜ್ಞಾನ ಇಲ್ಲಿಂದ ಶುರುವಾಗುತ್ತದೆ.

"ಮಲ್ಲಿಗೆ ಅಂದ್ರೆ ಎಂತ ಮಾರಾಯ?" ಎಂದು ನನ್ನನ್ನು ಜಗಲಿಯಲ್ಲಿ ಹಿಡಿದು ಕೂರಿಸಿ ಕೇಳುತ್ತಿದ್ದರು. "ಬೆಳಿಗ್ಗೆ ನಗು, ಸಂಜೆ ಮುನಿಸು, ಮಾರನೇ ದಿನ ಗೊಬ್ಬರ. ಗುಲಾಬಿ ಬರೀ ಬಣ್ಣದ ಪೊಗರು. ದಾಸಾಳಕ್ಕೆ ವಾಸ್ನೆಯೇ ಇಲ್ಲ. ಸುರಗಿ ನೋಡು. ತುದಿಗೆ ಹತ್ತಿ 'ನನ್ನ ನೋಡಿ' ಅಂತ ಕುಣಿಯುದಿಲ್ಲ. ಮರದ ಮೈಗೆ ಒರಗಿ ಕೂತ್ಕಳ್ತದೆ, ಮನೆ ಮಗಳ ಹಾಂಗೆ. ಕುಂಡದಲ್ಲಿ ನೆಟ್ರೆ ಬಾ ಅಂದ್ರೂ ಬರುದಿಲ್ಲ. ಒಣಗಿದ ಮೇಲೆ ಅದರ ಅಸಲಿ ಪರಿಮಳ. ಸತ್ತ ಮೇಲೂ ವಾಸ್ನೆ ಉಳಿಸ್ಕಳ್ಳುವ ಜೀವ ಇನ್ನೊಂದಿದ್ರೆ ಹೇಳು ನೋಡ್ವಾ!"

"ಅದೆಯಲ್ಲ ಭಾವ," ಎಂದೆ ನಾನು. "ಹೊನ್ನಾವರದಾಚೆ ಕಾಸರಕೋಡದ ದಂಡೆಯಲ್ಲಿ ಒಣಗಿಸ್ತಾರೆ. ಬಂಗಡೆ ಮೀನು."

ಮುಂದಿನ ಸುರಗಿ ಕಾಲದವರೆಗೆ ಅವರು ನನ್ನೊಡನೆ ಮಾತಾಡಲಿಲ್ಲ. ಅಕ್ಕ ಮಾತ್ರ ಒಳಗಿನಿಂದ ಒಂದು ಲೋಟ ಚಹಾ ಹೆಚ್ಚಿಗೆ ಕಳಿಸಿದಳು.

ಸುರಗಿಯ ದಿನಗಳಲ್ಲಿ ಬಸ್‌ಸ್ಟ್ಯಾಂಡಿನ ಆಡಳಿತ ಮೂಗಿನ ವಶವಾಗುತ್ತಿತ್ತು. ಒಮ್ಮೆ ಹೊನ್ನಾವರದಿಂದ ಬಂದ ಬಸ್ಸಿನಲ್ಲಿ ಒಬ್ಬ ಹೆಂಗಸು ಸುರಗಿ ಮುಡಿದು ಕೂತಿದ್ದಳು. ಬಸ್ಸು ಅಂಕೋಲೆಗೆ ಹೊರಡಬೇಕು. ಭಾವ ಮೈಕು ಎತ್ತಿಕೊಂಡರು. "ಅಂಕೋಲೆ ಬಸ್ಸಿನಲ್ಲಿ ಕಿಟಕಿ ಬದಿ ಕುಳಿತಿರುವ, ಹಸಿರು ಸೀರೆಯ ಪ್ರಯಾಣಿಕರು ಕೂಡಲೇ ಕಂಟ್ರೋಲರ್ ಕೊಠಡಿಗೆ ಬರಬೇಕು!" ಆ ಹೆಂಗಸಿಗೆ ಜೀವ ಹಾರಿತು. ಮನೆಯಲ್ಲಿ ಯಾರಿಗೋ ಏನೋ ಆಗಿದೆಯೆಂದು ಎದೆ ಬಡಿದುಕೊಳ್ಳುತ್ತ ಇಳಿದು ಓಡಿ ಬಂದಳು. ಹಿಂದೆಯೇ ಅರ್ಧ ಬಸ್ಸು ಸಮಾಧಾನ ಹೇಳಲು ಇಳಿಯಿತು.

"ಈ ಹೂ ಯಾವ ಮರದ್ದು?" ಎಂದು ಭಾವ ಗಂಭೀರವಾಗಿ ಕೇಳಿದರು.

ಆಕೆ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಕೊಂಕಣಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿದಳು. ಕೊಂಕಣಿಯ ಭಾಗ ಭಾವನಿಗೆ ತಿಳಿಯಲಿಲ್ಲವಂತೆ. ಕನ್ನಡದ ಭಾಗವನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನೊಮ್ಮೆ ಹೊನ್ನಾವರದ ಹತ್ತಿರ ಯಾರೋ ಸುರಗಿ ಕೊಯ್ಯಲು ಕೊಂಬೆಯನ್ನೇ ಕಡಿಯುವುದನ್ನು ಕಂಡರು. ಅದು ಇಲ್ಲಿಯ ಪದ್ಧತಿ. ಕೊಂಬೆ ಕಡಿದು ಕೆಳಗೆ ಬೀಳಿಸಿ, ನೆಲದ ಮೇಲೆ ಆರಾಮಾಗಿ ಕೂತು ಮೊಗ್ಗು ಬಿಡಿಸುತ್ತಾರೆ. ಭಾವ ಕತ್ತಿಗೆ ಅಡ್ಡ ನಿಂತರು. "ಕೂದಲಿಗೆ ಹೂ ಬೇಕು ಅಂತ ಕೈ ಕಡಿತ್ಯಾ?" ಎಂದು ಗದರಿದರು. ಆ ಮನುಷ್ಯ ಶಾಂತವಾಗಿ, "ಹಾಂಗಾರೆ ನೀವೇ ಹತ್ತಿ ಕೊಯ್ದು ಕೊಡಿ ಸಾಹೇಬ್ರೆ," ಎಂದ. ಮಾತಿಗೆ ಕಟ್ಟುಬಿದ್ದು ಹತ್ತಿದರು. ಸುರಗಿಯ ಮೇಲಿನ ಪ್ರೀತಿಯಲ್ಲಿ ಜೇನ್ನೊಣಗಳು ಭಾವನಿಗಿಂತ ಹಿರಿಯರು. ಮರುದಿನ ತುಟಿ ಇಡ್ಲಿಯಷ್ಟು ಊದಿಸಿಕೊಂಡು ಡ್ಯೂಟಿಗೆ ಹೋದವರು ಮೈಕಿನಲ್ಲಿ ಏನು ಕೂಗಿದರೋ, ಭಟ್ಕಳಕ್ಕೆ ಹೋಗಬೇಕಾದವರೆಲ್ಲ ಗೋಕರ್ಣದ ಬಸ್ಸು ಹತ್ತಿ ಕೂತರು. ಅವರಲ್ಲಿ ಭಟ್ಕಳದ ಒಬ್ಬ ಬಟ್ಟೆ ವ್ಯಾಪಾರಿ ವಾಪಸು ಬಂದು, "ಕಂಟ್ರೋಲರ್ ಸಾಬ್, ಸಮುದ್ರ ಚೆನ್ನಾಗಿತ್ತು, ಮೆಹರ್ಬಾನಿ. ಇನ್ನಾದರೂ ನಮ್ಮನ್ನು ಮನೆಗೆ ಕಳಿಸ್ತೀರಾ?" ಎಂದು ಕೈ ಮುಗಿದನಂತೆ.

ಇಷ್ಟರಲ್ಲೇ ಮುಗಿದಿದ್ದರೆ ಇದನ್ನು ಊರಿನವರು ಮದುವೆಮನೆಯಲ್ಲಿ ಹೇಳಿ ನಗುವ ಕತೆಯೆಂದು ಬಿಡಬಹುದಿತ್ತು. ಆದರೆ ಮದುವೆಮನೆಯೇ ಆಗದಂತೆ ಭಾವ ಮೊದಲೇ ಏರ್ಪಾಡು ಮಾಡಿಟ್ಟಿದ್ದರು.

ಅವರಿಗೆ ಒಬ್ಬಳೇ ಮಗಳು. ಹುಟ್ಟಿದ್ದು ಸುರಗಿಯ ಕಾಲದಲ್ಲಿ. ಆ ವಾರವೇ ಭಾವ ಮಿರ್ಜಾನದ ಹತ್ತಿರದ ಕಾಡಿಗೆ ಹೋಗಿ, ಒಂದು ದೊಡ್ಡ ಸುರಗಿ ಮರದ ಬುಡದಲ್ಲಿ ಮೊಳೆತಿದ್ದ ಸಸಿಯನ್ನು ಮಣ್ಣು ಸಮೇತ ಎಬ್ಬಿಸಿಕೊಂಡು ಬಂದರು. ಬಸ್ಸಿನಲ್ಲಿ ತಾನು ಸಿಬ್ಬಂದಿಯೆಂದು ಪುಕ್ಕಟೆ ಕೂತವರು ಸಸಿಗೆ ಮಾತ್ರ ಅರ್ಧ ಟಿಕೆಟು ಹರಿಸಿದರು. ಅದು ಸುರಗಿಯದೇ ಸಸಿ ಎಂದು ಹೇಗೆ ಗೊತ್ತು? ಸುರಗಿಯ ಬುಡದಲ್ಲಿತ್ತಲ್ಲ! ಈ ತರ್ಕದ ಪ್ರಕಾರ ನಮ್ಮ ಜಗಲಿಯಲ್ಲಿ ಮಲಗುವ ನಾಯಿ ನನ್ನ ದಾಯಾದಿಯಾಗಬೇಕು. ಆದರೆ ಅಂದು ಯಾರೂ ತರ್ಕ ಮಾಡಲಿಲ್ಲ. ಬಾಣಂತಿಯ ಮನೆ, ಎಲ್ಲರೂ ಸಂತೋಷದಲ್ಲಿದ್ದರು.

ಭಾವ ಸಸಿಯನ್ನು ಹಿತ್ತಿಲಲ್ಲಿ ನೆಟ್ಟು, ಮಿಂದು, ಸೀದಾ ಧಾರೇಶ್ವರ ದೇವಸ್ಥಾನಕ್ಕೆ ನಡೆದು ಹರಕೆ ಹೇಳಿಕೊಂಡರು. ಈ ಮರದ ಮೊದಲ ಹೂ ದೇವರಿಗೆ, ಅದರ ನಂತರದ ಹೂ ಮಗಳ ಧಾರೆಯ ದಿನದ ಮುಡಿಗೆ. ಅದಾಗದೆ ಅವಳ ಮದುವೆ ಮಾಡುವುದಿಲ್ಲ.

"ಮೊದಲನೇದು ಸರಿ," ಎಂದಳು ಅಕ್ಕ, ಕೂಸಿಗೆ ಕಾಡಿಗೆ ಹಚ್ಚುತ್ತ. "ಕಡೇದನ್ನ ಹೇಳು ಅಂತ ದೇವರು ಕೇಳಿದ್ನಾ?"

ಮಗಳು ಬೆಳೆದಳು. ಮರವೂ ಬೆಳೆಯಿತು. ಊರಿಗೆ ರೈಲು ಬಂತು, ಮನೆಮನೆಗೆ ಟೀವಿ ಬಂತು, ಮಗಳು ಕಾಲೇಜು ಮುಗಿಸಿ ಕುಮಟೆ ಬಸ್‌ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿನಲ್ಲಿ ಕೆಲಸಕ್ಕೆ ಸೇರಿದಳು. ಹೂ ಬರಲಿಲ್ಲ. ಭಾವ ಬುಡಕ್ಕೆ ಬೂದಿ ಹಾಕಿದರು, ಮೀನಿನ ಗೊಬ್ಬರ ಹಾಕಿದರು. ಮಲ್ಲಿಗೆಯ ಮೂಟೆ ಹೊತ್ತ ಭಟ್ಕಳದ ಬಸ್ಸು ಬಂದು ಕಂಡಕ್ಟರು, "ಹೂ ಬಾಡ್ತದೆ, ಬೇಗ ಬಿಡಿ ಸಾಹೇಬ್ರೆ" ಎಂದರೆ, "ಬಾಡುವವರಿಗೆ ಅವಸರ. ಸುರಗಿಯಾದ್ರೆ ನಾಳೆ ಹೋದ್ರೂ ಆಗ್ತಿತ್ತು," ಎಂದು ಸೀಟಿ ಊದುತ್ತಿದ್ದರು.

ಗಂಡು ತರುವ ಹೊಣೆ ಸೋದರಮಾವನಾದ ನನ್ನದು. ಹೊನ್ನಾವರದಲ್ಲಿ ಮಾಸ್ತರಿಕೆ ಮಾಡಿಕೊಂಡಿದ್ದ ನಾನು ತಂದ ಸಂಬಂಧಗಳು ಒಂದೊಂದೂ ಬಂದು, ಅವಲಕ್ಕಿ ತಿಂದು, ಹಿತ್ತಿಲಿಗೆ ಹೋಗಿ ಮರ ನೋಡಿ, ಹಿಂದಿರುಗಿದವು. "ಹುಡ್ಗಿ ಅಡ್ಡಿಲ್ಲ, ಆದ್ರೆ ಮರದ ಜಾತಕ ಕೂಡಿ ಬರಲಿಲ್ಲ," ಎಂದು ಒಬ್ಬರು ದಾರಿಯಲ್ಲಿ ನನಗೆ ಹೇಳಿದರು. ನಾನು ನಕ್ಕೆ. ನಗುವುದನ್ನು ಬಿಟ್ಟು ಇನ್ನೇನು ಮಾಡಲಿ? ಮನೆಗೆ ಬಂದು ಹೆಂಡತಿಯ ಎದುರು ತಲೆ ಚಚ್ಚಿಕೊಂಡೆ.

ಕೊನೆಗೆ ಬಂದದ್ದು ಕಾಸರಕೋಡದ ಹುಡುಗ. ಬಂದರಿನಲ್ಲಿ ಐಸ್ ಕಾರ್ಖಾನೆಯ ಮೇಲ್ವಿಚಾರಣೆ. ಮಾತು ಕಮ್ಮಿ, ಕಿವಿ ದೊಡ್ಡದು. ಭಾವ ಅವನ ಸಂಬಳ ಕೇಳಲಿಲ್ಲ, ಆಸ್ತಿ ಕೇಳಲಿಲ್ಲ. ಕನ್ನಡಕ ಸರಿಮಾಡಿಕೊಂಡು, "ನಿಮಗೆ ಇಷ್ಟದ ಹೂ ಯಾವುದು?" ಎಂದರು.

ಹುಡುಗ ಬಹಳ ಹೊತ್ತು ಯೋಚಿಸಿದ. ಅವನ ತಾಯಿ ಮೊಣಕೈಯಿಂದ ತಿವಿದರೂ ಸುಳ್ಳು ಹೇಳಲು ಮನಸ್ಸು ಬರಲಿಲ್ಲವೆಂದು ತೋರುತ್ತದೆ. "ಹೂ ಅಂದ್ರೆ... ನಂಗೆ ಹೂಕೋಸು ಆಗ್ತದೆ," ಎಂದ.

ಒಳಗೆ ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಹಿಂದೆಯೇ ತಡೆಯಲಾರದ ನಗು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹುಡುಗನ ದೊಡ್ಡ ಕಿವಿಗಳು ಕೆಂಪಾದವು. ಅವನೂ ನಕ್ಕ. ಸಂಬಂಧ ಕೂಡಿತು ಎಂದು ನನಗೆ ಅಲ್ಲೇ ತಿಳಿಯಿತು. ಭಾವನೂ ತೊಡೆ ತಟ್ಟಿ, "ಹುಡ್ಗ ಸತ್ಯವಂತ! ನಂಗೆ ಒಪ್ಪಿಗೆ!" ಎಂದರು. ನಾನು ಕೈ ಮುಗಿಯಲು ಎತ್ತಿದ್ದೆ. "ಮರ ಹೂ ಬಿಟ್ಟ ಕೂಡ್ಲೇ ಮದುವೆ," ಎಂದು ಮುಗಿಸಿದರು. ಎತ್ತಿದ ಕೈಯಿಂದ ಬೆವರು ಒರೆಸಿಕೊಂಡೆ.

ಹುಡುಗನ ಕಡೆಯವರು ಆ ವರ್ಷ ಕಾದರು. ಮರುವರ್ಷ, ಬರುವ ಶಿವರಾತ್ರಿಯವರೆಗೆ ನೋಡುತ್ತೇವೆ, ಆಮೇಲೆ ನಮಗೂ ವಯಸ್ಸಾಯಿತು ಎಂದು ಹೇಳಿ ಕಳಿಸಿದರು. ಆ ಮಾತು ತಲುಪಿಸಲು ಹೋದ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಆ ಮರ ಹೂ ಬಿಡ್ತದೆ ತಮಾ. ವರ್ಷಾ ಬಿಡ್ತದೆ."

"ಎಂತ?"

"ಅದು ಸುರಗಿ ಅಲ್ಲ. ಉಪ್ಪಾಗೆ. ಅದ್ರಲ್ಲೂ ಗಂಡು, ಒಂದು ಕಾಯಿ ಸಹ ಬಿಡುದಿಲ್ಲ. ಸಣ್ಣ ಸಣ್ಣ ಹೂ ಆಗ್ತದೆ, ವಾಸ್ನೆ ಇಲ್ಲ, ಎಂತ ಇಲ್ಲ. ಅವ್ರು ಏಳುದ್ರೊಳಗೆ ನಾ ಗುಡಿಸಿ ಹಾಕ್ತೆ."

ಉಪ್ಪಾಗೆ ಗೊತ್ತಿರಲೇಬೇಕು. ಮೀನುಸಾರಿಗೆ ಹುಳಿ ಹಾಕುವ ಹಣ್ಣಿನ ಮರ. ಆ ದಿನಗಳಲ್ಲಂತೂ ಅದರ ಸಿಪ್ಪೆಯಿಂದ ಪರದೇಶದವರು ಬೊಜ್ಜು ಕರಗಿಸುತ್ತಾರಂತೆ ಎಂದು ಊರಿಗೆ ಊರೇ ಕಾಡು ನುಗ್ಗಿತ್ತು. ಹಾಗಾಗಿ ಧಾರೇಶ್ವರದ ಮಕ್ಕಳಿಗೂ ಉಪ್ಪಾಗೆಯ ಎಲೆ ಗುರುತು. ಸುರಗಿಯ ಬುಡದಲ್ಲಿ ಮಂಗ ಉಗಿದ ಬೀಜವೊಂದು ಅರ್ಧ ಟಿಕೆಟಿನಲ್ಲಿ ಪ್ರಯಾಣ ಮಾಡಿ ಬಂದು ನನ್ನ ಸೋದರ ಸೊಸೆಯ ಹಣೆಬರಹವಾಗಿ ಕೂತಿತ್ತು!

"ಊರಿಗೆಲ್ಲ ಗೊತ್ತದೆಯಾ?"

"ಎಲ್ಲರಿಗೂ. ಹೇಳುದು ಯಾರು? ಹೇಳಿ ಅವ್ರಿಗೆ ಸಿಟ್ಟು ಬಂದ್ರೆ ನಮ್ಮೂರ ಸ್ಟಾಪಿನಲ್ಲಿ ಬಸ್ ನಿಲ್ಲುದಿಲ್ಲ ಅಂತ ಊರಿನವ್ರಿಗೆ ಹೆದ್ರಿಕೆ. ನಂಗೆ..." ಎಂದು ಅಕ್ಕ ಸೆರಗಿನಿಂದ ಒಲೆಯ ಕಟ್ಟೆ ಒರೆಸಿದಳು. ಅದು ಆಗಲೇ ಚೊಕ್ಕವಾಗಿತ್ತು. "ಮೀನಿನ ಗೊಬ್ಬರ ಹಾಕುವಾಗ ಅವ್ರ ಮುಖ ನೀ ನೋಡ್ಲಿಲ್ಲ."

ಹರಕೆಗೊಂದು ದಾರಿ ಕೇಳೋಣವೆಂದು ಅಕ್ಕನೂ ನಾನೂ ದೇವಸ್ಥಾನಕ್ಕೆ ಹೋದೆವು. ಅರ್ಚಕ ಭಟ್ಟರು ಸಾವಧಾನವಾಗಿ ಕೇಳಿಕೊಂಡರು. "ಸುರಗಿ ಹೇಳಿ ಉಪ್ಪಾಗೆ ಕೊಡೂಲೆ ಆಗ್ತಿಲ್ಲೆ. ದೇವ್ರಿಗೆ ಮೂಗು ಇಲ್ಲೆ ಹೇಳಿ ಮಾಡಿದ್ರಾ?" ಎಂದರು. ಆಮೇಲೆ ಅಕ್ಕನ ಮುಖ ನೋಡಿ ದನಿ ತಗ್ಗಿಸಿದರು. "ದಾರಿ ಇದ್ದು. ತಪ್ಪು ಕಾಣಿಕೆ ಹಾಕಿ, ಕೈ ಮುಗ್ದು, 'ನಡೆಸೂಲಾಗ್ತಿಲ್ಲೆ, ಬಿಡಿಸು' ಹೇಳಿ ಕೇಳಿಕೊಂಡ್ರೆ ಆತು. ಆದ್ರೆ ಹರಕೆ ಹೇಳ್ಕಂಡವ್ರೇ ಬಂದು ಕೇಳವು."

ಅಂದರೆ ಭಾವನಿಗೆ ಹೇಳಲೇಬೇಕು. ಬೆಕ್ಕಿಗೆ ಗಂಟೆ ಕಟ್ಟುವ ಮೊದಲು, ಮಗಳ ಮನಸ್ಸು ತಿಳಿಯೋಣವೆಂದು ಬೂತಿಗೆ ಹೋದೆ. ಮರದ ವಿಷಯ ತೆಗೆಯುವ ಮೊದಲೇ ಅವಳು, "ಉಪ್ಪಾಗೆ ತಾನೆ? ಗೊತ್ತದೆ ಮಾವ," ಎಂದಳು.

"ಮತ್ತೆ ಅಪ್ಪಂಗೆ ಹೇಳುದಲ್ವಾ ಹುಡ್ಗೀ?"

"ನಾ ಹೇಳ್ಬೇಕಾ? ಮದುವೆಗೆ ಅವಸರ ಆಗಿ ಮರದ ಮೇಲೆ ಅಪವಾದ ಹಾಕ್ದೆ ಅಂತಾಗ್ತದೆ. ಅಪ್ಪ ಕುಸಿದು ಹೋಗ್ತಾನೆ. ಯಾರೂ ಹೇಳ್ಬೇಡಿ."

"ಆ ಹುಡ್ಗ?"

ಅವಳು ಫೋನಿನ ಸುರುಳಿ ವಯರನ್ನು ಬೆರಳಿಗೆ ಸುತ್ತಿ ಬಿಡಿಸಿದಳು. "ದಿನಾ ಫೋನ್ ಮಾಡ್ತಾನೆ. ಐಸಿನ ರೇಟು ಹೇಳ್ಲಿಕ್ಕೆ."

"ನಿಂಗೆಂತಕ್ಕೆ ಐಸಿನ ರೇಟು?"

"ಅದನ್ನೇ ನಾನೂ ಕೇಳ್ದೆ. ನಾಳೆ ಯೋಚ್ನೆ ಮಾಡಿ ಹೇಳ್ತೆ ಅಂದ," ಎಂದು ನಕ್ಕಳು. ನಗು ಮುಗಿಯುವ ಮೊದಲೇ ಮುಖ ಆಚೆ ತಿರುಗಿಸಿದಳು. ಎದುರಿನ ಬಸ್‌ಸ್ಟ್ಯಾಂಡಿನಿಂದ ಅವಳ ಅಪ್ಪನ ದನಿ ಹೊನ್ನಾವರ, ಮಂಕಿ, ಮುರ್ಡೇಶ್ವರ, ಭಟ್ಕಳ ಎಂದು ಊರುಗಳನ್ನು ಒಂದರ ಹಿಂದೊಂದು ಕೂಗುತ್ತಿತ್ತು.

ಹೀಗೆ ಮಗಳಿಗಾಗಿ ನಾನು, ಗಂಡನಿಗಾಗಿ ಅಕ್ಕ, ಅಪ್ಪನಿಗಾಗಿ ಮಗಳು, ಬಸ್ಸಿಗಾಗಿ ಊರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತೆವು. ನೀನು ಹೇಳು, ನೀನು ಹೇಳು ಎನ್ನುತ್ತಿರುವಾಗಲೇ ಶಿವರಾತ್ರಿ ಬಂದು ಹೋಯಿತು. ಕೊನೆಗೊಂದು ಭಾನುವಾರ ಅಕ್ಕ ಊಟ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ, "ಇವತ್ತು ನೀ ಹೇಳದೆ ಹೋದ್ರೆ ಈ ಮನೆಗೆ ಬರಬೇಡ," ಎಂದಳು. ಎಲೆಯಲ್ಲಿ ಅನ್ನ ಮಾತ್ರ ಇತ್ತು, ಸಾರು ಇರಲಿಲ್ಲ.

ಭಾವ ಹಿತ್ತಿಲಲ್ಲಿ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದರು. ನಾನು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ. ಪ್ರಕೃತಿಯ ವೈಚಿತ್ರ್ಯ, ಸಸ್ಯಗಳ ರೂಪಸಾಮ್ಯ, ವಿಧಿಯ ಲೀಲೆ, ಹೀಗೆ ಮೂರು ಪೀಠಿಕೆಗಳು ಸಿದ್ಧವಿದ್ದವು. ಪಕ್ಕದಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, "ಭಾವ, ಈ ಮರ ಅದೆಯಲ್ಲ..." ಎಂದೆ.

"ಉಪ್ಪಾಗೆ. ಗಂಡು," ಎಂದರು ಭಾವ, ಬಸ್ಸಿನ ಹೆಸರು ಕೂಗುವ ದನಿಯಲ್ಲಿ.

ಪೀಠಿಕೆಗಳು ಮೂರೂ ಗಂಟಲಲ್ಲೇ ನಿಂತವು. "ಯಾವಾಗ ಗೊತ್ತಾತು?"

"ಮೊದಲ ಸಲ ಹೂ ಬಿಟ್ಟಾಗ್ಲೇ. ನಿನ್ನಕ್ಕ ಪಾಪ ಕತ್ತಲಲ್ಲೇ ಎದ್ದು ಗುಡಿಸ್ತಾಳೆ. ನಾ ಹಾಸಿಗೆಯಲ್ಲಿ ಮಲಗಿ ಕಸ ಗುಡಿಸುವ ಹಿಡಿಯ ಸದ್ದು ಕೇಳ್ತೆ. ಅವಳು ಮುಗಿಸಿ ಒಳಗೆ ಬಂದ ಮೇಲೆ ಏಳ್ತೆ."

"ಮತ್ತೆ ಆ ಬೂದಿ? ಮೀನಿನ ಗೊಬ್ಬರ?"

"ಹಾಕದಿದ್ರೆ ನಂಗೆ ಗೊತ್ತಾತು ಅಂತ ಅವಳಿಗೆ ಗೊತ್ತಾಗ್ತಿತ್ತಲ."

ನನಗೆ ಸಿಟ್ಟು ಬಂತು. ಭಾವ ಎಂಬುದನ್ನೂ ಮರೆತು ದನಿ ಏರಿಸಿದೆ. "ಹಾಂಗಾರೆ ಆ ಹುಡ್ಗೀನ ಎಂತಕ್ಕೆ ಕೂರ್ಸಿದ್ರಿ ಇಷ್ಟು ವರ್ಷ? ಹೂಕೋಸಿನ ಹುಡ್ಗ ಬಂದು ವರ್ಷದ ಮೇಲಾತು!"

ಭಾವನ ಹೆಗಲ ಮೇಲೆ ಒಂದು ಹಳದಿ ಹೂ ಬಿದ್ದಿತ್ತು. ಅದನ್ನು ಅವರು ತೆಗೆದು ಹಾಕಲಿಲ್ಲ.

"ಸಂಜೆ ಅವಳು ಬೂತಿನ ಬಾಗ್ಲು ಹಾಕ್ಕಂಡು ಬರ್ತಾಳೆ," ಎಂದರು. "ಒಂದೇ ಬಸ್ಸಿಗೆ ಹೊರಡುದು. ಕಿಟಕಿ ಬದಿ ಅವಳು, ಈಚೆ ನಾನು. ಇಡೀ ದಿನ ಕೂಗಿ ಕೂಗಿ ನಂಗೆ ಗಂಟ್ಲು ಇರುದಿಲ್ಲ. ಅವಳೇ ಮಾತಾಡ್ತಾಳೆ. ಯಾರು ದುಬೈಗೆ ಫೋನ್ ಮಾಡಿ ಅತ್ರು, ಯಾರು ಜಗಳ ಮಾಡಿದ್ರು, ಎಲ್ಲ. ಧಾರೇಶ್ವರದ ಸ್ಟಾಪು ಇಷ್ಟು ಹತ್ರ ಯಾಕೆ ಇಟ್ರೋ ಅನ್ಸ್ತದೆ." ಮರದ ಬುಡದ ಮಣ್ಣನ್ನು ಕಾಲಿನಿಂದ ಒತ್ತಿದರು. "ಇಷ್ಟು ವರ್ಷ ಎಲ್ಲರ ಬಸ್ಸೂ ಹೊತ್ತಿಗೆ ಸಮಾ ಬಿಟ್ಟೆ ಮಾರಾಯ. ಇದೊಂದನ್ನ ಸ್ವಲ್ಪ ತಡ ಮಾಡ್ವಾ ಅಂತ ಕಂಡ್ತು."

ಒಳಗೆ ಅಕ್ಕ ಪಾತ್ರೆಯ ಸದ್ದು ನಿಲ್ಲಿಸಿ ಕಿವಿಗೊಟ್ಟಿದ್ದಳು.

ಭಾವ ಎದ್ದು ಪಂಚೆ ಬಿಗಿದುಕೊಂಡರು. "ಆತು. ನಾಳೆ ಬೆಳಿಗ್ಗೆ ಹೋಗಿ ತಪ್ಪು ಕಾಣಿಕೆ ಹಾಕ್ತೆ. ನೀ ಕಾಸರಕೋಡಕ್ಕೆ ಹೋಗಿ, ನಮ್ಮ ಕಡೆಯಿಂದ ಹೂಂ ಅಂತ ಹೇಳು. ದಿನ ಅವ್ರೇ ನೋಡ್ಲಿ. ಯಾವ ಹೂವಾದ್ರೂ ಅಡ್ಡಿಲ್ಲ."

ಮರುದಿನ ಭಾವ ರಜೆ ಹಾಕಿ, ಮಿಂದು, ದೇವರ ಎದುರು ಅಡ್ಡಬಿದ್ದು ಹರಕೆ ಬಿಡಿಸಿಕೊಂಡರು. ಅದೇ ಹೊತ್ತಿಗೆ ನಾನು ಶರಾವತಿಯ ಸೇತುವೆ ದಾಟಿ ಕಾಸರಕೋಡದಲ್ಲಿ ಇಳಿದು, ಹುಡುಗನ ಮನೆಯ ಮೆಟ್ಟಿಲು ಹತ್ತಿದೆ. ಅವನ ತಾಯಿ ಮರ್ಯಾದೆಯಿಂದ ಕೂರಿಸಿ, ತಣ್ಣಗಿನ ಪುನರ್ಪುಳಿ ಶರಬತ್ತು ಕೊಟ್ಟರು. ನಾನು ವಿಷಯ ಹೇಳಿದೆ.

ಹುಡುಗನಿಗೆ ಹಿಂದಿನ ವಾರ ಅಂಕೋಲೆಯ ಕಡೆಯ ಹುಡುಗಿಯೊಡನೆ ನಿಶ್ಚಿತಾರ್ಥವಾಗಿತ್ತು.